ಹಿಟ್ಟಿನ ಪಾತ್ರೆಗೊಂದು ಸಮೀಕರಣ

ಮನೆತನದಲ್ಲಿ ಮೊದಲ ಪದವೀಧರೆಯಾಗಿ ಹುಟ್ಟುವುದು ಸುಲಭವಲ್ಲ. ಕ್ಷಮಿಸಿ, ಪದವೀಧರೆಯಾಗಿ ಯಾರೂ ಹುಟ್ಟುವುದಿಲ್ಲ. ಮನೆತನದಲ್ಲಿ ಮೊದಲ ಪದವೀಧರೆಯಾಗುವುದು ಸುಲಭವಲ್ಲ ಎಂದು ತಿದ್ದಿಕೊಳ್ಳುತ್ತೇನೆ. ಬರೆಯುವಾಗಲೂ ಮಾತನಾಡುವಾಗಲೂ ನನ್ನ ಬೆನ್ನ ಹಿಂದೆ ಪರೀಕ್ಷಕರೊಬ್ಬರು ಕೆಂಪು ಶಾಯಿಯ ಪೆನ್ನು ಹಿಡಿದು ನಿಂತಿರುತ್ತಾರೆ ಎಂಬ ಭಾವನೆ ಪದವಿ ಬಂದು ಇಷ್ಟು ಕಾಲವಾದರೂ ನನ್ನನ್ನು ಬಿಟ್ಟಿಲ್ಲ. ಪರೀಕ್ಷೆಗಳನ್ನಾದರೂ ಹೇಗೋ ದಾಟಿಬಿಡಬಹುದು. ದಾಟಲಾಗದ್ದು ಅದಾದ ಮೇಲೆ ಬಂಧುಗಳು ಕೇಳುವ ಒಂದೇ ಒಂದು ಪ್ರಶ್ನೆ: "ಏನ್ ಕೆಲ್ಸ ಮಾಡ್ತೀಯವ್ವ?" ಡಾಕ್ಟರಾಗಿದ್ದರೆ, ಟೀಚರಾಗಿದ್ದರೆ, ಪೊಲೀಸ್ ಇನ್ಸ್‌ಪೆಕ್ಟರಾಗಿದ್ದರೆ ಒಂದು ಪದದಲ್ಲಿ ಮುಗಿಯುತ್ತಿತ್ತು. ನನ್ನ ಕೆಲಸವನ್ನು ಸರಿಯಾಗಿ ಹೇಳುವುದಾದರೆ ಅದು ಶೀತಕ ಯಂತ್ರಗಳ ಸಂಪೀಡಕಗಳಲ್ಲಿ ಉಂಟಾಗುವ ಉಷ್ಣ ಪರಿಣಾಮಗಳ ಸಂಖ್ಯಾತ್ಮಕ ಮಾದರಿಯ ರಚನೆ. ಈ ವಾಕ್ಯವನ್ನು ಒಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪೂರ್ತಿಯಾಗಿ ಹೇಳಿದ್ದೆ. ಪಕ್ಕದಲ್ಲಿದ್ದ ಹಿರಿಯರು ನನಗೇನೋ ಕಾಯಿಲೆಯಿದೆ ಎಂದು ಕೇಳಿದವರಂತೆ ಮುಖ ಸಣ್ಣದು ಮಾಡಿಕೊಂಡು, "ಒಳ್ಳೇದಾಗ್ಲಿ ಕಣವ್ವ" ಎಂದು ಹರಸಿ, ಪಾಯಸದ ಕಡೆ ತಿರುಗಿಬಿಟ್ಟರು.

ಅಮ್ಮ ಈ ತೊಂದರೆಗೆ ತನ್ನದೇ ದಾರಿ ಕಂಡುಕೊಂಡಿದ್ದಳು. ಮೈಸೂರಿನ ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಯಾರು ಕೇಳಿದರೂ, "ನಮ್ ಸುಮಿ ಫ್ರಿಜ್ಜೊಳ್ಗೆ ಬಿಸಿ ಎಷ್ಟದೆ ಅಂತ ಲೆಕ್ಕ ಹಾಕ್ತಾಳೆ" ಎನ್ನುತ್ತಿದ್ದಳು. ಪಕ್ಕದ ಮನೆಯ ನಾಗಮ್ಮನವರು ಇದನ್ನು ಮೊದಲ ಸಲ ಕೇಳಿದಾಗ ಗಾಬರಿಯಾಗಿ, "ಫ್ರಿಜ್ಜೊಳ್ಗೆ ಬಿಸಿಯಾ? ಅಂಗಾದ್ರೆ ಕೆಟ್ಟೋಗದೆ ಬುಡಿ, ರಿಪೇರಿಗೆ ಕೊಡಿ" ಎಂದಿದ್ದರು. ಇಬ್ಬರನ್ನೂ ತಿದ್ದಬೇಕೆಂದು ನನ್ನ ನಾಲಿಗೆ ತುರಿಸಿತು. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ, ಒಳಗಿರುವ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ. ಆದ್ದರಿಂದ ಅಮ್ಮ ಹೇಳಿದ್ದು ಭಾಗಶಃ ಸರಿ, ನಾಗಮ್ಮನವರು ಹೇಳಿದ್ದು ಪೂರ್ಣ ತಪ್ಪು ಎಂದು ವಿವರಿಸಲು ಹೊರಟೆ. "ಭಾಗಶಃ" ಎಂಬಲ್ಲಿಗೆ ನಾಗಮ್ಮನವರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಓದುಗರೂ ಪಾಯಸದ ಕಡೆ ತಿರುಗಬಾರದಲ್ಲ, ಹಾಗಾಗಿ ಸಂಪೀಡಕವನ್ನು ಇನ್ನು ಮುಂದೆ ಎಲ್ಲರಂತೆ ಕಂಪ್ರೆಸರ್ ಎಂದೇ ಕರೆಯುತ್ತೇನೆ. ಫ್ರಿಜ್ಜಿನ ಹಿಂಬದಿ, ಕೆಳಗೆ, ಕರಿಯ ಗಡಿಗೆಯ ಹಾಗೆ ಕುಳಿತು ಗುಂಯ್‌ಗುಡುತ್ತದಲ್ಲ, ಅದು. ಫ್ರಿಜ್ಜಿನೊಳಗಿನ ಬಿಸಿಯನ್ನು ಹೀರಿಕೊಂಡು ಬಂದ ಅನಿಲವನ್ನು ಅದು ಒತ್ತಿ ಹಿಂದಿನ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿಂದ ಬಿಸಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಈ ದುಡಿಮೆಯಲ್ಲಿ ಕಂಪ್ರೆಸರ್ ತಾನೂ ಕಾಯುತ್ತದೆ. ಕಾದ ಗಡಿಗೆಯೊಳಗೆ ಹೊಸದಾಗಿ ಬಂದ ಅನಿಲ ಒತ್ತಿಸಿಕೊಳ್ಳುವ ಮೊದಲೇ ಬಿಸಿಯಾಗಿ, ಹಿಗ್ಗಿ, ತೆಳ್ಳಗಾಗುತ್ತದೆ. ಅಷ್ಟೇ ದುಡಿಮೆಗೆ ಕಡಿಮೆ ತಂಪು ಸಿಗುತ್ತದೆ. ಯಾವ ಭಾಗ ಎಷ್ಟು ಕಾಯುತ್ತದೆ ಎಂದು ನೋಡಲು ಗಡಿಗೆಯನ್ನು ಒಡೆಯುವಂತಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಅದನ್ನು ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಿಸಿ, ಒಂದೊಂದು ಕೋಣೆ ಪಕ್ಕದ ಕೋಣೆಗೆ ಎಷ್ಟು ಬಿಸಿ ದಾಟಿಸುತ್ತದೆ ಎಂದು ಸಮೀಕರಣ ಬರೆದು, ಮತ್ತೆ ಮತ್ತೆ ಲೆಕ್ಕ ಹಾಕಿಸುತ್ತೇವೆ. ಇದಕ್ಕೇ ಮಾದರಿ ಎನ್ನುವುದು.

ವಿದೇಶಿ ಪಠ್ಯಪುಸ್ತಕಗಳಲ್ಲಿ ಇದನ್ನು ಓದುವಾಗ ನನ್ನ ಸಹಪಾಠಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಹಳೆಯ ಪರಿಚಯವೆನ್ನಿಸಿತು, ಏಕೆಂದರೆ ನಾನು ಬೆಳೆದದ್ದು ವಠಾರದಲ್ಲಿ. ಅಪ್ಪ ಗಾರೆ ಕೆಲಸಕ್ಕೆಂದು ಹಳ್ಳಿ ಬಿಟ್ಟು ಬಂದಾಗ ನಮಗೆ ಸಿಕ್ಕಿದ್ದು ಸಾಲುಮನೆಗಳಲ್ಲೊಂದು, ಗೋಡೆಗಳು ತೆಳು. ಮೊದಲ ಮನೆಯ ಸೊಸೆ ಅತ್ತೆಯ ಮೇಲೆ ಮುನಿಸಿಕೊಂಡರೆ ಆ ಸುದ್ದಿ ಎರಡನೆಯ ಮನೆಗೆ ಬೆಚ್ಚಗೆ ತಲುಪಿ, ಮೂರನೆಯದರಲ್ಲಿ ಸ್ವಲ್ಪ ಕಾದು, ಕೊನೆಯ ಮನೆಯಲ್ಲಿ ಕುದಿದು, ಮರಳಿ ಮೊದಲ ಮನೆಗೇ ಬರುತ್ತಿತ್ತು. ಹೀಗೆ ಸುತ್ತಿ ಸುತ್ತಿ, ಯಾರ ಹತ್ತಿರವೂ ಹೊಸದೇನೂ ಉಳಿಯದಾದಾಗ ನಲ್ಲಿಯ ಬಳಿ ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಮೌನಕ್ಕೆ ನಮ್ಮ ಶಾಸ್ತ್ರದಲ್ಲಿ "ಪರಿಹಾರ ದೊರೆತಿದೆ" ಎನ್ನುತ್ತಾರೆ.

ಇಲವಾಲದಿಂದ ಆಚೆಗಿರುವ ನಮ್ಮ ಕಾರ್ಖಾನೆಯಲ್ಲಿ ಫ್ರಿಜ್ಜುಗಳೂ ಅವುಗಳ ಕಂಪ್ರೆಸರುಗಳೂ ತಯಾರಾಗುತ್ತವೆ. ನನ್ನ ಮಾದರಿ ಅಲ್ಲಿ ಗೌರವದಿಂದಲೇ ಬಾಳುತ್ತಿತ್ತು. ಆದರೆ ಹೋದ ಚಳಿಗಾಲದಲ್ಲಿ, ಅದರ ಲೆಕ್ಕದಂತೆ ತಯಾರಾದ ಹೊಸ ಫ್ರಿಜ್ಜುಗಳ ಮೊದಲ ಚಳಿಗಾಲದಲ್ಲೇ, ದೂರುಗಳು ಬರತೊಡಗಿದವು. ಫ್ರಿಜ್ಜು ರಾತ್ರಿಯೆಲ್ಲ ನಿಂತುಹೋಗುತ್ತದೆ, ಬೆಳಿಗ್ಗೆ ಹಾಲು ಒಡೆದಿರುತ್ತದೆ. ಮೈ ತೀರಾ ಕಾದಾಗ ತಾನಾಗಿಯೇ ಕರೆಂಟು ಕಡಿದುಹಾಕುವ ಪುಟ್ಟ ಭಾಗವೊಂದು ಕಂಪ್ರೆಸರಿನಲ್ಲಿರುತ್ತದೆ. ಅಂಗಡಿಯವರು ಅದನ್ನು ಓವರ್‌ಲೋಡ್ ಎನ್ನುತ್ತಾರೆ. ಅದು ಕೆಲಸ ಮಾಡುತ್ತಿದೆ ಎಂದರೆ ಕಂಪ್ರೆಸರ್ ಮಿತಿಮೀರಿ ಕಾಯುತ್ತಿದೆ ಎಂದರ್ಥ. ವಿಚಿತ್ರವೆಂದರೆ ಬೇಸಿಗೆಯಲ್ಲಿ ಈ ದೂರು ಬಂದಿರಲಿಲ್ಲ. ಸುಡುಬಿಸಿಲಿನ ಊರುಗಳಿಂದ ಈಗಲೂ ಇರಲಿಲ್ಲ. ಬರುತ್ತಿದ್ದುದೆಲ್ಲ ಮೈಸೂರಿನ ಸುತ್ತಮುತ್ತಲಿಂದ, ಅದೂ ಧನುರ್ಮಾಸದ ಚಳಿಯಲ್ಲಿ. ಮೆಕ್ಯಾನಿಕ್ ಹಗಲಿನಲ್ಲಿ ಹೋಗಿ ನೋಡಿದರೆ ಎಲ್ಲವೂ ಸರಿ. ಕಂಪ್ರೆಸರ್ ಬಿಚ್ಚಿ ತಂದು ಕಾರ್ಖಾನೆಯಲ್ಲಿ ಓಡಿಸಿದರೆ ಮತ್ತೂ ಸರಿ.

ನಮ್ಮ ವಿಭಾಗದ ಮುಖ್ಯಸ್ಥರಾದ ಮೂರ್ತಿಯವರು ಒಳ್ಳೆಯವರು, ಆದರೆ ಒಗಟುಗಳನ್ನು ಇಷ್ಟಪಡದವರು. ನನ್ನನ್ನು ಕರೆಸಿ, "ಏನನ್ನುತ್ತೆ ನಿಮ್ಮ ಮಾದರಿ?" ಎಂದರು.

"ಹೊರಗಿನ ಗಾಳಿ ತಂಪಾದಷ್ಟೂ ಕಂಪ್ರೆಸರ್ ತಂಪಾಗಿರುತ್ತದೆ ಎನ್ನುತ್ತದೆ, ಸರ್."

"ಅದನ್ನ ಹೇಳೋಕೆ ಮಾದರಿ ಯಾಕ್ರೀ ಬೇಕು, ನಮ್ಮನೆ ಬೆಕ್ಕು ಹೇಳುತ್ತೆ" ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚಳೀಲಿ ಸೆಖೆ ಆಗೋ ಯಂತ್ರ ಪ್ರಪಂಚದಲ್ಲಿ ನಮ್ದೊಂದೇ ಕಣ್ರೀ. ನೋಡಿ ಸುಮಿತ್ರಾ, ಈ ಚಳಿ ಮುಗಿಯೋದ್ರೊಳಗೆ ಮಾದರಿ ಕಾರಣ ಹೇಳ್ಬೇಕು. ಇಲ್ದಿದ್ರೆ ಆ ಕೆಲಸ ಮುಚ್ಚಿಬಿಡೋಣ ಅಂತ ಮೇಲಿನವರು ಹೇಳ್ತಿದಾರೆ. ನೀವು ಶುದ್ಧವಾಗಿ ಬರೀತೀರಿ, ನಿಮಗೇನು ತೊಂದ್ರೆ ಇಲ್ಲ. ಗ್ರಾಹಕರ ಕೈಪಿಡಿ ವಿಭಾಗದಲ್ಲಿ ಜಾಗ ಖಾಲಿ ಇದೆ."

ಗ್ರಾಹಕರ ಕೈಪಿಡಿ! ಫ್ರಿಜ್ಜಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಂದು, ಆ ಚೀಲದಲ್ಲೇ ಅಟ್ಟ ಸೇರಿ, ಯಾರ ಕಣ್ಣಿಗೂ ಬೀಳದೆ ಕಾಲ ಕಳೆಯುವ ಆ ಪುಸ್ತಕ! ವಠಾರದಲ್ಲಿ ಕರೆಂಟು ಹೋದರೆ ಸೀಮೆಎಣ್ಣೆ ಬುಡ್ಡಿಯ ಪಕ್ಕ ಬಿಸಿಯ ಸಮೀಕರಣಗಳನ್ನು ಬಿಡಿಸಿದವಳು ನಾನು. ಈಗ "ಬಾಗಿಲನ್ನು ಮೆಲ್ಲಗೆ ಮುಚ್ಚಿರಿ" ಎಂದು ಬರೆಯುತ್ತ ಕೂರಬೇಕೆ? ಕಂಪನಿ ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಸಮೀಕರಣಗಳನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ತಿರುವಿಹಾಕಿದೆ. ಎಲ್ಲಿಯೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಗೆ ಬಂದರೆ ಅಲ್ಲೂ ಅದೇ. ನಮ್ಮದೂ ನಮ್ಮ ಕಾರ್ಖಾನೆಯದೇ ಫ್ರಿಜ್ಜು. "ನಿನ್ ಫ್ರಿಜ್ಜು ಇವತ್ತೂ ಹಾಲು ಒಡೆದಾಕ್ತು ಕಣವ್ವ" ಎಂದು ಅಮ್ಮ ಸ್ವಾಗತಿಸಿದಳು. ಫ್ರಿಜ್ಜು ಚೆನ್ನಾಗಿದ್ದಾಗ ಅದು "ನಮ್ ಫ್ರಿಜ್ಜು". ಕೆಟ್ಟಾಗ "ನಿನ್ ಫ್ರಿಜ್ಜು". ಅಂದು ಶನಿವಾರ, ಸೋದರಮಾವ ಸಿದ್ದಣ್ಣ ಬೇರೆ ನಜರ್‌ಬಾದಿನಿಂದ ಬಂದಿದ್ದ. ಮಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಜಗತ್ತಿನ ಎಲ್ಲ ತೊಂದರೆಗಳೂ ಸರಿಯಾದ ವಾಷರ್ ಹಾಕಿದರೆ ನಿಲ್ಲುತ್ತವೆ ಎಂದು ನಂಬಿದವನು. ಹಾಲಿಲ್ಲದ ಕಾಫಿಯ ಲೋಟ ಹಿಡಿದು ಅವನು ನನ್ನನ್ನೇ ನೋಡಿದ.

"ಏನವ್ವ ಇಂಜಿನಿಯರಮ್ಮ, ಈ ಫ್ರಿಜ್ಜಿಗೂ ನೀನೇ ಲೆಕ್ಕ ಹಾಕಿದ್ದಾ?"

"ಕಂಪ್ರೆಸರಿನ ಮಟ್ಟಿಗೆ ಹೌದು, ಮಾವ."

"ಅಂಗಾದ್ರೆ ಹಾಲು ಲೆಕ್ಕದ್ ಪ್ರಕಾರನೇ ಒಡೆದದೆ ಬುಡಕ್ಕ, ಅವಳ್ನ ಬಯ್ಬೇಡ" ಎಂದು ಅವನು ಅಮ್ಮನಿಗೆ ಹೇಳಿದ. ಅಪ್ಪ ಪೇಪರಿನ ಹಿಂದೆ ನಕ್ಕಿದ್ದು ಪೇಪರ್ ಅಲುಗಾಡಿದ್ದರಿಂದ ತಿಳಿಯಿತು.

ಮರುದಿನ ಭಾನುವಾರ. ಬೇರೆ ದಿನಗಳಲ್ಲಿ ನಾನು ಬೆಳಗಾಗುತ್ತಲೇ ಕಂಪನಿ ಬಸ್ಸು ಹಿಡಿಯಲು ಓಡುವವಳು, ಅಡುಗೆಮನೆಯೊಂದಿಗೆ ನನ್ನ ಸಂಬಂಧ ಊಟದ ಡಬ್ಬಿ ಈಸಿಕೊಳ್ಳುವಷ್ಟಕ್ಕೇ ಸೀಮಿತ. ಅಂದು ಎದ್ದವಳೇ, ನಮ್ಮ ಕಂಪ್ರೆಸರ್ ಯಾವ ಬ್ಯಾಚಿನಲ್ಲಿ ತಯಾರಾದದ್ದು ಎಂದು ಅದರ ಮೇಲಿನ ಸಂಖ್ಯೆ ನೋಡಲು ಟಾರ್ಚು ಹಿಡಿದು ಫ್ರಿಜ್ಜಿನ ಹಿಂದೆ ಮಂಡಿಯೂರಿದೆ. ಅಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ಟಾರ್ಚಿನ ಬೆಳಕಿನಲ್ಲಿ ಕಂಪ್ರೆಸರ್ ಕಾಣಲಿಲ್ಲ. ಕಂಡದ್ದು ಕಂಬಳಿ. ಊರಿನಿಂದ ತಂದ, ಅಜ್ಜ ಹೊದೆಯುತ್ತಿದ್ದ ಕರಿ ಕಂಬಳಿ. ಅದರ ಅಂಚನ್ನು ಎತ್ತಿದೆ. ಒಳಗೆ, ನನ್ನ ಕಂಪ್ರೆಸರಿನ ನೆತ್ತಿಯ ಮೇಲೆ, ನಮ್ಮ ಮನೆಯ ಅತಿ ದೊಡ್ಡ ಸ್ಟೀಲ್ ಪಾತ್ರೆ ಸಿಂಹಾಸನವೇರಿ ಕುಳಿತಿತ್ತು. ಮುಚ್ಚಳ ತುಸು ಮೇಲೆದ್ದು, ಅಂಚಿನಿಂದ ಇಡ್ಲಿ ಹಿಟ್ಟು ಇಣುಕುತ್ತಿತ್ತು. ಕೈಯಿಟ್ಟರೆ ಕಂಬಳಿಯೊಳಗೆ ಬಾಣಂತಿಯ ಕೋಣೆಯ ಕಾವು.

"ಅಯ್ಯೋ, ತೆಗೀಬೇಡ ಕಣೇ! ಉಬ್ತಾ ಅದೆ, ಗಾಳಿ ಹೊಡ್ದ್ರೆ ಕುಸ್ದೋಯ್ತದೆ!" ರಂಗೋಲಿ ಪುಡಿಯ ಕೈಯಲ್ಲೇ ಅಮ್ಮ ಓಡಿಬಂದಳು.

"ಅಮ್ಮಾ, ಇದನ್ನು ಇಲ್ಲಿ ಎಂದಿನಿಂದ ಇಡುತ್ತಿದ್ದೀಯ?"

"ಚಳಿ ಬಿತ್ತಲ್ಲ, ಆವಾಗ್ಲಿಂದ. ಸಾಯಂಕಾಲ ರುಬ್ಬಿ ಇಟ್ಬುಟ್ರೆ ಬೆಳಿಗ್ಗೆಗೆ ಎಂಗೆ ಉಬ್ತದೆ ಗೊತ್ತಾ? ಇಡ್ಲಿ ಹುಯ್ಯಕ್ಕೆ ತಕ್ಕೊಂಡು ಕಂಬ್ಳಿ ಮಡಿಸಿ ಅಟ್ಟಕ್ಕಾಕ್ತೀನಿ. ನಾಗಮ್ಮ ಹೇಳ್ಕೊಟ್ಟಿದ್ದು. ಬೀದಿನೋರೆಲ್ಲ ಅಂಗೇ ಮಾಡೋದು."

ನಾನು ನೆಲದ ಮೇಲೆಯೇ ಕುಳಿತುಬಿಟ್ಟೆ. ಅಮ್ಮನಿಗೆ ನಾನು ಬಯ್ಯುತ್ತೇನೆಂದು ಅನ್ನಿಸಿರಬೇಕು. ನಾನು ಅವಳ ರಂಗೋಲಿ ಪುಡಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ. ಎಲ್ಲವೂ ಒಂದೇ ಏಟಿಗೆ ಹೊಂದಿಕೊಂಡಿತು. ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ, ಆದ್ದರಿಂದ ಮೈಸೂರಿನವರು ಪಾತ್ರೆಯನ್ನು ಕಂಪ್ರೆಸರಿನ ಮೇಲಿಟ್ಟು ಹೊದಿಸುತ್ತಾರೆ. ಬಿಸಿಲೂರುಗಳಲ್ಲಿ ಹಿಟ್ಟು ತಾನಾಗಿಯೇ ಉಬ್ಬುತ್ತದೆ, ಆದ್ದರಿಂದ ಅಲ್ಲಿಂದ ದೂರಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ಕಂಬಳಿ ಅಟ್ಟ ಸೇರಿರುತ್ತದೆ. ಅವನಿಗೆ ಕಾಣುವುದು ಏನೂ ಅರಿಯದ ಹಾಗೆ ಗುಂಯ್‌ಗುಡುತ್ತಿರುವ ಕಂಪ್ರೆಸರ್. ನನ್ನ ಸಮೀಕರಣಗಳಲ್ಲಿ ತಪ್ಪಿರಲಿಲ್ಲ. ನನ್ನ ವಠಾರದಲ್ಲಿ ಪಾತ್ರೆ, ಕಂಬಳಿ ಎಂಬ ಎರಡು ಮನೆಗಳು ಲೆಕ್ಕಕ್ಕೆ ಸಿಗದೆ ಬಿಟ್ಟುಹೋಗಿದ್ದವು, ಅಷ್ಟೆ.

ವಿಜ್ಞಾನದಲ್ಲಿ ಒಂದು ಉದಾಹರಣೆ ಸಾಲದೆಂದು ಕೂಡಲೇ ನಾಗಮ್ಮನವರ ಮನೆಗೆ ಹೋದೆ. ಅಲ್ಲಿ ಕಂಬಳಿಯ ಬದಲು ಮೊಮ್ಮಗನ ಹಳೆಯ ಸ್ವೆಟರ್. ಪಾತ್ರೆಗೆ ಅದನ್ನು ತೊಡಿಸಿ, ತೋಳುಗಳೆರಡನ್ನೂ ಕಂಪ್ರೆಸರಿನ ಸುತ್ತ ತಂದು ಗಂಟು ಹಾಕಿದ್ದರು. ಬಹಳ ದಿನಗಳ ಮೇಲೆ ಭೇಟಿಯಾದ ಗೆಳೆಯರಂತೆ ಎರಡೂ ಅಪ್ಪಿಕೊಂಡಿದ್ದವು. "ಯಾಕವ್ವ, ನಿಮ್ ಕಂಪನಿನೋರು ಇದ್ಕೂ ಏನಾರಾ ದಂಡ ಹಾಕ್ತಾರಾ?" ಎಂದು ನಾಗಮ್ಮನವರು ಅನುಮಾನದಿಂದ ಕೇಳಿದರು. ನಾನು ಇಲ್ಲವೆಂದು ಹೇಳಿ ಅಪ್ಪುಗೆಯ ಕಡೆಯಿಂದ ಒಂದು ಫೋಟೊ, ಗಂಟಿನ ಕಡೆಯಿಂದ ಒಂದು ಫೋಟೊ ತೆಗೆದುಕೊಂಡೆ.

ಮುಂದಿನ ಕೆಲಸ ಹಿಟ್ಟನ್ನು ಮಾದರಿಯೊಳಗೆ ಕೂರಿಸುವುದು. ಉಕ್ಕು, ತಾಮ್ರ, ಎಣ್ಣೆ, ಇವು ಬಿಸಿಯನ್ನು ಎಷ್ಟು ಹಿಡಿದಿಡುತ್ತವೆ, ಎಷ್ಟು ದಾಟಿಸುತ್ತವೆ ಎಂಬುದಕ್ಕೆ ನನ್ನ ಬಳಿ ಪಟ್ಟಿಗಳಿದ್ದವು. ಆ ಪಟ್ಟಿಗಳಲ್ಲಿ ಇಡ್ಲಿ ಹಿಟ್ಟಾಗಲಿ ಅಜ್ಜನ ಕಂಬಳಿಯಾಗಲಿ ಇರಲಿಲ್ಲ. ಹಿಟ್ಟು ಸಾಮಾನ್ಯ ವಸ್ತುವೂ ಅಲ್ಲ. ರುಬ್ಬಿದಾಗ ಒಂದು ತರಹ, ಉಬ್ಬಿದಾಗ ಗುಳ್ಳೆ ತುಂಬಿಕೊಂಡು ಇನ್ನೊಂದು ತರಹ. ಅಳೆದೇ ನೋಡಬೇಕಾಗಿತ್ತು. ಸೋಮವಾರ ಅಮ್ಮ ತುಂಬಿಕೊಟ್ಟ ಸ್ಟೀಲ್ ಡಬ್ಬವನ್ನೂ ಕಂಬಳಿಯನ್ನೂ ಹೊತ್ತು ಕಾರ್ಖಾನೆಯ ಗೇಟಿಗೆ ಬಂದಾಗ ಕಾವಲುಗಾರರು ತಡೆದು ಡಬ್ಬದಲ್ಲಿ ಏನಿದೆ ಎಂದರು. "ಪರೀಕ್ಷಾ ಸಾಮಗ್ರಿ" ಎಂದು ಗಂಭೀರವಾಗಿ ಉತ್ತರಿಸಿದೆ. ಅವರು ಮುಚ್ಚಳ ತೆಗೆದು ಮೂಸಿ, "ಉದ್ದು ಒಂಚೂರು ಜಾಸ್ತಿ ಬಿದ್ದದೆ ಮೇಡಂ" ಎಂದು ಒಳಗೆ ಬಿಟ್ಟರು.

ಅಳತೆಗಳು ಮುಗಿದ ಮೇಲೆ ಮಾದರಿಗೆ ಎರಡು ಹೊಸ ಕೋಣೆಗಳನ್ನು ಸೇರಿಸಿದೆ. ಗುಂಡಿ ಒತ್ತಿ, ಉಗುರು ಕಚ್ಚುತ್ತ ಕಾದೆ. ಸಂಖ್ಯೆಗಳು ಏರಿದವು, ಏರಿದವು. ಎಷ್ಟೋ ವಾರಗಳಿಂದ ತಣ್ಣಗೆ ಕುಳಿತಿದ್ದ ನನ್ನ ಕಂಪ್ರೆಸರ್ ಪರದೆಯ ಮೇಲೆ ಕೆಂಪಾಗಿ, ಓವರ್‌ಲೋಡಿನ ಮಿತಿ ದಾಟಿ ನಿಂತುಹೋಯಿತು. ಯಂತ್ರ ಕೆಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟ ಇಂಜಿನಿಯರ್ ಇನ್ನೊಬ್ಬರಿರಲಾರರು.

ನಮ್ಮ ವಿಭಾಗದ ಸಭೆಯಲ್ಲಿ ನಾನು ಸಿದ್ಧಪಡಿಸಿದ್ದ ಚಿತ್ರವನ್ನು ತೆರೆದೆ. ಅದರಲ್ಲಿ "ಬಾಹ್ಯ ಜೈವಿಕ ಉಷ್ಣರಾಶಿ" ಎಂದೂ "ಪಾರಂಪರಿಕ ರೋಧಕ ಹೊದಿಕೆ" ಎಂದೂ ಬರೆದಿದ್ದೆ. ಮೂರ್ತಿಯವರು ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು.

"ಬಾಹ್ಯ ಜೈವಿಕ ಉಷ್ಣರಾಶಿ ಅಂದ್ರೆ?"

"ಇಡ್ಲಿ ಹಿಟ್ಟು, ಸರ್."

ಯಾರೋ ಕೆಮ್ಮಿದರು. ಮೂರ್ತಿಯವರು ಕೆಮ್ಮಲಿಲ್ಲ, ನಗಲೂ ಇಲ್ಲ. ನಾಗಮ್ಮನವರ ಮನೆಯ ಸ್ವೆಟರಿನ ಫೋಟೊ ಬಂದಾಗ ಮಾತ್ರ ಮುಂದಕ್ಕೆ ಬಾಗಿದರು. "ನಮ್ಮನೇಲೂ..." ಎಂದು ಆರಂಭಿಸಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ, "ಪರೀಕ್ಷಾ ಮೇಜಿನ ಮೇಲೆ ತೋರಿಸಿಬಿಡಿ. ಆದ್ರೆ ಮೊದಲೇ ಹೇಳಿ, ಎಷ್ಟು ಹೊತ್ತಿಗೆ ನಿಲ್ಲುತ್ತೆ?" ಎಂದರು.

ಜೀವನದಲ್ಲಿ "ಬಹುಶಃ", "ಸಾಮಾನ್ಯವಾಗಿ", "ಕೆಲವು ಷರತ್ತುಗಳಿಗೊಳಪಟ್ಟು" ಎಂಬ ಆಸರೆಗಳಿಲ್ಲದೆ ಒಂದು ವಾಕ್ಯವನ್ನೂ ಆಡದವಳು ನಾನು. ಅಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸಮಯ ಬರೆದು ಕೆಳಗೆ ಗೆರೆ ಎಳೆದೆ. ಬರೆದ ಮರುಕ್ಷಣವೇ ಅಳಿಸಲು ಬಟ್ಟೆ ಹುಡುಕಿದೆ, ಅದು ಮೂರ್ತಿಯವರ ಕೈಯಲ್ಲಿತ್ತು.

ದೂರಿನ ಮೇಲೆ ಮರಳಿ ಬಂದಿದ್ದ ಕಂಪ್ರೆಸರುಗಳಲ್ಲೇ ಒಂದನ್ನು ಜೋಡಿಸಿ, ಕೋಣೆಯ ಗಾಳಿಯನ್ನು ಚಳಿಗಾಲದಷ್ಟು ತಂಪಾಗಿಸಿ, ಅಮ್ಮ ಹಿಂದಿನ ಸಂಜೆ ರುಬ್ಬಿಕೊಟ್ಟಿದ್ದ ಹಿಟ್ಟಿನ ಪಾತ್ರೆ ಇಟ್ಟು ಕಂಬಳಿ ಹೊದಿಸಿದೆವು. ಮೊದಲು ನಾವು ಕೆಲವರಿದ್ದೆವು. ಸುದ್ದಿ ಹಬ್ಬಿ ಬಣ್ಣದ ವಿಭಾಗದವರು, ಜೋಡಣೆಯವರು, ಕೊನೆಗೆ ಕ್ಯಾಂಟೀನಿನವರೂ ಬಂದು ನಿಂತರು. ಹಲಗೆಯ ಮೇಲಿನ ಸಮಯ ಹತ್ತಿರವಾಯಿತು. ಕಂಪ್ರೆಸರ್ ನಿಶ್ಚಿಂತೆಯಿಂದ ಗುಂಯ್‌ಗುಡುತ್ತಿತ್ತು. ಗಡಿಯಾರದ ಮುಳ್ಳು ನಾನು ಬರೆದಲ್ಲಿಗೆ ಬಂತು, ದಾಟಿತು. ನನ್ನ ಕಣ್ಣಿಗೆ ಕೈಪಿಡಿ ವಿಭಾಗದ ಖಾಲಿ ಕುರ್ಚಿ, ಅದರ ಮೇಲಿನ ದಿಂಬು ಸಹ ಕಾಣತೊಡಗಿತು. ಆಗ, ಒಬ್ಬರು ಆಕಳಿಸಿ ಬಾಯಿ ಮುಚ್ಚುವಷ್ಟು ತಡವಾಗಿ, ಓವರ್‌ಲೋಡ್ "ಟಕ್" ಎಂದಿತು. ಮೌನ. ಆ ಮೌನ ನಮ್ಮ ವಠಾರದ ನಲ್ಲಿಯ ಬಳಿಯದೇ ಮೌನ. ಪರಿಹಾರ ದೊರೆತಿತ್ತು.

ಚಪ್ಪಾಳೆ ತಟ್ಟಿದವರಲ್ಲಿ ಕ್ಯಾಂಟೀನಿನವರೇ ಮೊದಲಿಗರು. ಆ ಗದ್ದಲದಲ್ಲೇ ಕಂಬಳಿಯ ಕೆಳಗಿನಿಂದ ಬೆಳ್ಳಗಿನದೊಂದು ಹೊರಬಂದು, ನಿಧಾನವಾಗಿ, ಗಾಂಭೀರ್ಯದಿಂದ, ಅತ್ಯಂತ ದುಬಾರಿಯಾದ ಅಳತೆಯ ಉಪಕರಣಗಳತ್ತ ಹೊರಟಿತು. ಹಿಟ್ಟು ಉಕ್ಕಿತ್ತು.

"ಸುಮಿತ್ರಾ" ಎಂದರು ಮೂರ್ತಿಯವರು ತಂತಿಗಳನ್ನು ಎತ್ತಿಹಿಡಿದು, "ಇದು ನಿಮ್ಮ ಮಾದರೀಲಿ ಇದೆಯೇನ್ರೀ?"

"ಇಲ್ಲ ಸರ್. ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇನೆ."

ಉಳಿದ ಹಿಟ್ಟನ್ನು ಕ್ಯಾಂಟೀನಿನವರು ಬಿಡಲಿಲ್ಲ. ಮಧ್ಯಾಹ್ನದ ದೋಸೆ ಅದರದೇ. ಮೂರ್ತಿಯವರು ಎರಡನೆಯದನ್ನು ಹಾಕಿಸಿಕೊಳ್ಳುತ್ತ, ಮಾದರಿ ನಿಲ್ಲಿಸುವ ಮಾತು ಇನ್ನಿಲ್ಲ, ಮುಂದಿನ ಕಂಪ್ರೆಸರಿಗೆ ಅದರ ಲೆಕ್ಕವೇ ಆಧಾರ ಎಂದು ಘೋಷಿಸಿದರು. ನನ್ನ ಕಣ್ಣು ತುಂಬಿತು. ಚಟ್ನಿ ಖಾರವೆಂದು ಹೇಳಿದೆ. ಅವರು ಮೂರನೆಯ ದೋಸೆಗೆ ಕೈ ಹಾಕುತ್ತ, "ಅಂದ ಹಾಗೆ, ಜನರಿಗೆ ಇದನ್ನ ತಿಳಿಸ್ಬೇಕಲ್ಲ. ಗ್ರಾಹಕರ ಕೈಪಿಡಿಗೆ ಒಂದು ಪುಟ ನೀವೇ ಬರ್ಕೊಟ್ಟುಬಿಡಿ" ಎಂದರು.

ಬರೆದೆ. "ಸಂಪೀಡಕದ ಪರಿಸರದಲ್ಲಿ ನೈಸರ್ಗಿಕ ವಾಯುಸಂಚಾರಕ್ಕೆ ಪ್ರತಿಬಂಧಕವಾಗುವ ಯಾವುದೇ ರಾಶಿಯನ್ನು ಸ್ಥಾಪಿಸತಕ್ಕದ್ದಲ್ಲ" ಎಂಬುದು ನನ್ನ ಮೊದಲ ವಾಕ್ಯ. ಮೂರ್ತಿಯವರು ಅದರ ಮೇಲೆ ಅಡ್ಡಗೆರೆ ಎಳೆದು, "ಫ್ರಿಜ್ಜಿನ ಹಿಂದೆ ಹಿಟ್ಟಿನ ಪಾತ್ರೆ ಇಡಬೇಡಿ" ಎಂದು ಬರೆದರು. ಕೆಂಪು ಶಾಯಿಯಲ್ಲಿ. ಇಷ್ಟು ವರ್ಷ ಬೆನ್ನ ಹಿಂದಿದ್ದ ಪರೀಕ್ಷಕರು ಕೊನೆಗೂ ಮುಂದೆ ಬಂದು ನಿಂತಿದ್ದರು, ಮತ್ತು ಅವರಿಗೆ ಬೇಕಾಗಿದ್ದುದು ಹಿಟ್ಟು ಎಂಬ ಪದ.

ಮನೆಯಲ್ಲಿ ಆ ಪುಟವನ್ನು ಹೆಮ್ಮೆಯಿಂದ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಸರಿ. ಇನ್ನೆಲ್ಲಿಡ್ಲಿ?" ಎಂದಳು. ಆ ಪ್ರಶ್ನೆಗೆ ನನ್ನ ಪುಟದಲ್ಲಿ ಉತ್ತರವಿರಲಿಲ್ಲ. ಆ ವಾರ ಹಾಲು ಒಡೆಯಲಿಲ್ಲ, ಹಿಟ್ಟು ಉಬ್ಬಲಿಲ್ಲ. ಭಾನುವಾರದ ಇಡ್ಲಿಯನ್ನು ಮಾವ ತಟ್ಟೆಯಂಚಿಗೆ ಬಡಿದು ಸದ್ದು ಕೇಳಿಸಿಕೊಂಡು, "ನಮ್ ಅಂಗ್ಡೀಲಿ ಇಂಥ ವಾಷರ್ರೇ ಸಿಗಲ್ಲ ಕಣವ್ವ" ಎಂದ.

ಹೀಗಾಗಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಕಂಪ್ರೆಸರಿಗೆ ನೋವಾಗದೆ, ಹಿಟ್ಟಿಗೆ ಚಳಿಯಾಗದೆ, ಪಾತ್ರೆಯನ್ನು ಎಲ್ಲಿ ಇಡಬಹುದು ಎಂದು ಮಾದರಿಯನ್ನು ಕೇಳಿದೆ. ಅದು ಹೇಳಿತು: ಮೇಲೆ ಬೇಡ, ಹಿಂದೆಯೂ ಬೇಡ, ಬೆಚ್ಚಗಿನ ಗಾಳಿ ಹೊರಬೀಳುವ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಕಂಬಳಿ ಪಾತ್ರೆಗೆ ಮಾತ್ರ, ಕಂಪ್ರೆಸರಿಗಲ್ಲ. ಆ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿದೆ. ಮರುದಿನ ಸಂಜೆ ಅಮ್ಮ ಅದರ ಮೇಲೆ ಎಳೆ ರಂಗೋಲಿ ಎಳೆದು ಪಾತ್ರೆಯನ್ನು ಪ್ರತಿಷ್ಠಾಪಿಸಿದಳು. ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿತ್ತು, ಫ್ರಿಜ್ಜು ಗುಂಯ್‌ಗುಡುತ್ತಿತ್ತು, ಹಾಲು ಹಾಲಾಗಿಯೇ ಇತ್ತು.

ಈಗ ನಮ್ಮ ಬೀದಿಯಲ್ಲಿ ನನಗೆ ಬಿಡುವಿಲ್ಲ. ಭಾನುವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಮನೆಮನೆಗೂ ಹೋಗಿ, ಮಂಡಿಯೂರಿ, ಫ್ರಿಜ್ಜಿನ ಪಕ್ಕ ಗೆರೆ ಹಾಕಿಕೊಟ್ಟು, ಕಾಫಿ ಕುಡಿದು ಬರುತ್ತೇನೆ. ಮೊನ್ನೆ ಬೀದಿಗೆ ಹೊಸದಾಗಿ ಬಂದವರೊಬ್ಬರು ಅಮ್ಮನನ್ನು ಅದೇ ಹಳೆಯ ಪ್ರಶ್ನೆ ಕೇಳಿದರು, ನಿಮ್ಮ ಮಗಳಿಗೆ ಏನು ಕೆಲಸ ಎಂದು. ನಾನು ಬಾಗಿಲ ಮರೆಯಲ್ಲಿ ನನ್ನ ವಾಕ್ಯವನ್ನು, ಸಂಪೀಡಕದಿಂದ ಹಿಡಿದು ಸಂಖ್ಯಾತ್ಮಕದವರೆಗೆ, ಸಿದ್ಧಪಡಿಸಿಕೊಂಡು ನಿಂತಿದ್ದೆ.

"ನಮ್ ಸುಮಿನಾ?" ಎಂದಳು ಅಮ್ಮ. "ಹಿಟ್ಟು ಎಲ್ಲಿಟ್ರೆ ಚೆನ್ನಾಗಿ ಉಬ್ತದೆ ಅಂತ ಕಂಪ್ಯೂಟರ್ನಲ್ಲಿ ಲೆಕ್ಕ ಹಾಕಿ ಹೇಳ್ತಾಳೆ. ಅದ್ಕೇ ದೊಡ್ ಓದು ಓದವ್ಳೆ."

ಬಂದವರ ಮುಖದಲ್ಲಿ ನಾನು ಇದುವರೆಗೆ ಕಾಣದ ಗೌರವ ಮೂಡಿತು. ತಿದ್ದಲೆಂದು ಬಾಯಿ ತೆರೆದವಳು ಒಮ್ಮೆ ಯೋಚಿಸಿ ಮುಚ್ಚಿದೆ. ಸರಿಯಾಗಿ ಹೇಳುವುದಾದರೆ, ಅಮ್ಮ ಸರಿಯಾಗಿಯೇ ಹೇಳಿದ್ದಳು.